ಟೂರು ದೊಡ್ಡವರದ್ದು, ಹಸಿವು ಮಕ್ಕಳದ್ದು

ಹೋದ ತಿಂಗಳು ಒಂದು ರಾತ್ರಿ ಇಶಾ ನಮಾಝ್ ಮುಗಿಸಿ ಮನೆಗೆ ಬಂದು ಕೂತಿದ್ದೆವಷ್ಟೆ, ದುಬೈಯಿಂದ ಅಳಿಯನ ಫೋನ್ ಬಂತು. "ಮಾಮ, ಒಂದು ಮಸ್‌ಅಲ ಕೇಳ್ಲಿಕ್ಕುಂಟು" ಅಂದ. ಮದ್ರಸದ ಉಸ್ತಾದರಿಗೆ ಇಂಥ ಫೋನ್ ಹೊಸದಲ್ಲ. ಝಕಾತಿನ ಲೆಕ್ಕವೋ, ಮಗುವಿಗೆ ಇಡುವ ಹೆಸರೋ ಇರಬೇಕು ಅಂತ ಅಂದುಕೊಂಡೆವು. ಅವನು ಕೇಳಿದ್ದು ಬೇರೆಯೇ. ಚಳಿಗಾಲದ ರಜೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳನ್ನು ಕರೆದುಕೊಂಡು ನಾಲ್ಕು ದಿನ ಕ್ರೂಸ್ ಹಡಗಿನಲ್ಲಿ ಹೋಗುವವನಿದ್ದಾನೆ. ಬುಕ್ಕಿಂಗ್ ಫಾರಂನಲ್ಲಿ ಒಂದು ಪ್ರಶ್ನೆ: ರಾತ್ರಿ ಊಟ ಮೊದಲ ಪಂಕ್ತಿಗೋ, ಎರಡನೇ ಪಂಕ್ತಿಗೋ? ಮೊದಲನೆಯದು ಆರು ಗಂಟೆಗೆ, ಎರಡನೆಯದು ಎಂಟೂಕಾಲಿಗೆ. "ಆರು ಗಂಟೆಗೆ ಯಾರು ಮಾಮ ರಾತ್ರಿ ಊಟ ಮಾಡ್ತಾರೆ? ಆದ್ರೆ ಎಂಟೂಕಾಲಂದ್ರೆ ಸಣ್ಣವ ನಿದ್ದೆ ಹೋಗ್ತಾನೆ. ಮಗ್ರಿಬ್ ಬೇರೆ ಉಂಟು. ಏನು ಮಾಡುವುದು?"

ನಾವು ತಕ್ಷಣ ಉತ್ತರ ಹೇಳಲಿಲ್ಲ. ಕಾರಣ, ಈ ಪ್ರಶ್ನೆಗೆ ಒಮ್ಮೆ ನಾವು ತಪ್ಪು ಉತ್ತರ ಕೊಟ್ಟವರು. ಅದು ಹಡಗಿನಲ್ಲಲ್ಲ, ಇಲ್ಲೇ ನಮ್ಮ ಸಾಗರದ ಹಿನ್ನೀರಿನ ದಡದಲ್ಲಿ.

ಲಾಂಚ್ ಕಟ್ಟೆಯ ಸಂಜೆ

ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆ ಇರುವ ಬ್ಯಾರಿ ಮನೆಗಳಿಗೆಲ್ಲ ಗೊತ್ತಿರುವ ವಿಷಯ ಇದು. ಡಿಸೆಂಬರ್ ರಜೆ, ಮೇ ರಜೆ ಬಂದರೆ ಸಾಕು, ಕರಾವಳಿಯ ನೆಂಟರೆಲ್ಲ ಘಟ್ಟ ಹತ್ತುತ್ತಾರೆ. ಬರುವುದು ಸಂತೋಷವೇ. ಎರಡು ದಿನ ಮನೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಮೂರನೇ ದಿನ ಟೆಂಪೋ ಟ್ರಾವೆಲರ್ ಬಂದು ನಿಲ್ಲುತ್ತದೆ: ಜೋಗ ನೋಡಬೇಕು, ಬಿದನೂರು ನಗರದ ಕೋಟೆ ನೋಡಬೇಕು, ಕವಲೇದುರ್ಗ ಹತ್ತಬೇಕು, ಆಗುಂಬೆಯಲ್ಲಿ ಸೂರ್ಯ ಮುಳುಗುವುದನ್ನು ನೋಡಬೇಕು, ಲಾಂಚಿನಲ್ಲಿ ಹೋಗಬೇಕು.

ಸೇತುವೆ ಆಗುವುದಕ್ಕೆ ಮೊದಲಿನ ಒಂದು ಡಿಸೆಂಬರ್. ನಾವು ಒಟ್ಟು ಹದಿನಾಲ್ಕು ಜನ, ಅದರಲ್ಲಿ ಆರು ಮಕ್ಕಳು. ಬೆಳಿಗ್ಗೆ ಏಳಕ್ಕೆ ಹೊರಡುವುದು ಅಂತ ಮಾತಾಗಿತ್ತು, ಹೊರಟದ್ದು ಹತ್ತಕ್ಕೆ. ಜೋಗ ನೋಡಿ ಸಾಗರಕ್ಕೆ ವಾಪಸ್ ಬಂದು ಮಧ್ಯಾಹ್ನದ ಊಟಕ್ಕೆ ಕೂರುವಾಗ ಗಂಟೆ ಮೂರು. ಅಲ್ಲಿಂದ ಅಂಬಾರಗೋಡ್ಲು. ರಜೆಯ ದಿನ, ಲಾಂಚಿಗೆ ಸಾಲು ಉದ್ದ ಇತ್ತು. ಗಾಡಿಯನ್ನು ಈಚೆ ದಡದಲ್ಲೇ ಬಿಟ್ಟು ನಡೆದೇ ಹತ್ತಿ, ಕಳಸವಳ್ಳಿ ಕಡೆಗೆ ಹೋಗಿ, ವಾಪಸ್ ಬರಲು ಇನ್ನೊಂದು ಲಾಂಚಿಗೆ ಕಾದು ಈ ದಡ ಮುಟ್ಟುವಾಗ ಕತ್ತಲೆ.

ದಡದಲ್ಲಿ ನಮ್ಮ ತಂಗಿಯ ಮಗ, ನಾಲ್ಕು ವರ್ಷದವ, ತಾಯಿಯ ಸೆರಗು ಎಳೆದು "ಉಮ್ಮಾ, ಚೋರ್" ಅಂದ. ಮಧ್ಯಾಹ್ನದ ಗಡಿಬಿಡಿಯಲ್ಲಿ ಅವನು ಸರಿಯಾಗಿ ಉಂಡಿರಲಿಲ್ಲ. ಆಮೇಲೆ ಒಂದು ಪ್ಯಾಕೆಟ್ ಚಿಪ್ಸ್, ಅರ್ಧ ಬಾಟ್ಲಿ ಬಣ್ಣದ ನೀರು. ತಂಗಿ ಚೀಲದಿಂದ ಡಬ್ಬ ತೆಗೆದಳು. ಮನೆಯಿಂದ ತಂದ ಪತ್ತಿರಿ, ಎರಡು ಬಾಳೆಹಣ್ಣು ಇತ್ತು. ನಾವು ತಡೆದೆವು. "ಈಗ ಬೇಡ. ಇನ್ನೊಂದು ಗಂಟೆಯಲ್ಲಿ ಸಾಗರ ಮುಟ್ತೇವೆ. ಎಲ್ಲರೂ ಒಟ್ಟಿಗೆ ಕೂತು ಉಣ್ಣುವ" ಅಂದೆವು. ಹಿರಿಯಣ್ಣನ ಮಾತು. ಅವಳು ಡಬ್ಬ ಮುಚ್ಚಿದಳು.

ಆ ಒಂದು ಗಂಟೆ ಮೂರಾಯ್ತು. ಸಾಗರದಲ್ಲಿ ನಮಾಝಿಗೆ ನಿಲ್ಲಿಸಿದ್ದು, ಹಲಾಲ್ ಹೋಟೆಲ್ ಹುಡುಕಿದ್ದು, ಹದಿನಾಲ್ಕು ಜನಕ್ಕೆ ಒಟ್ಟಿಗೆ ಜಾಗ ಆಗಲೆಂದು ಕಾದದ್ದು. ಬಿರಿಯಾನಿ ಮೇಜಿಗೆ ಬರುವಾಗ ಒಂಬತ್ತೂವರೆ. ಹುಡುಗ ತಾಯಿಯ ಹೆಗಲ ಮೇಲೆ ನಿದ್ದೆ ಹೋಗಿದ್ದ. "ಹಸಿದು ಮಲಗಬಾರದು, ಎಬ್ಬಿಸು" ಅಂತ ಹೇಳಿದವರೂ ನಾವೇ. ಅರೆನಿದ್ದೆಯಲ್ಲಿ ನಾಲ್ಕು ತುತ್ತು ತುರುಕಿ ಗಾಡಿ ಹತ್ತಿಸಿದೆವು. ಹೊಸನಗರ ದಾಟಿದ ಮೇಲಿನ ತಿರುವುಗಳಲ್ಲಿ ಶುರುವಾಯ್ತು ವಾಂತಿ. ಮೂರು ಸಲ, ನಾಲ್ಕು ಸಲ. ಆಮೇಲೆ ಮಗು ಅಳುವುದನ್ನೂ ನಿಲ್ಲಿಸಿತು. ಕೈಕಾಲು ತಣ್ಣಗೆ, ಹಣೆಯಲ್ಲಿ ಬೆವರು, ಕರೆದರೆ ಕಣ್ಣು ತೆರೆಯುವುದಿಲ್ಲ.

ಆಸ್ಪತ್ರೆಗೆ ಮುಟ್ಟಿಸುವಾಗ ಅರ್ಧರಾತ್ರಿ. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ: "ಮಗು ಕೊನೆಯ ಸಲ ಸರಿಯಾಗಿ ಉಂಡದ್ದು ಎಷ್ಟು ಗಂಟೆಗೆ?" ನಾವು ಗಂಡಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿದೆವು. ಜೋಗದಲ್ಲಿ ಎಷ್ಟು ಫೋಟೋ ತೆಗೆದಿದ್ದೇವೆ ಅಂತ ಗೊತ್ತಿತ್ತು. ಡೀಸೆಲಿಗೆ ಎಷ್ಟು ಖರ್ಚಾಗಿದೆ ಗೊತ್ತಿತ್ತು. ಇದು ಗೊತ್ತಿರಲಿಲ್ಲ. ತಂಗಿ ಮಾತ್ರ ಮೆಲ್ಲಗೆ ಹೇಳಿದಳು: "ಬೆಳಿಗ್ಗೆ ಒಂಬತ್ತಕ್ಕೆ."

ಹೊಟ್ಟೆ ಖಾಲಿ, ಮೈಯಲ್ಲಿ ಸಕ್ಕರೆ ಕಡಿಮೆ, ಅದರ ಮೇಲೆ ವಾಂತಿ. ಡ್ರಿಪ್ ಹಾಕಿದರು. ಬೆಳಗಾಗುವಾಗ ಅಲ್‌ಹಮ್ದುಲಿಲ್ಲಾಹ್, ಎದ್ದು ಕೂತು ಬಿಸ್ಕೆಟ್ ಕೇಳಿದ. ತಂಗಿ ನಮಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತು.

ಒಟ್ಟಿಗೆ ಉಣ್ಣುವುದು ಬರ್ಕತ್ತೇ, ಆದರೆ...

ನಮ್ಮ ಮನೆಗಳಲ್ಲಿ ದೊಡ್ಡ ತಾಟಿನ ಸುತ್ತ ಕೂತು ಒಟ್ಟಿಗೆ ಉಣ್ಣುವ ಕ್ರಮ ಒಳ್ಳೆಯದು. ಒಟ್ಟಿಗೆ ಉಣ್ಣುವುದರಲ್ಲಿ ಬರ್ಕತ್ ಉಂಟು ಅಂತ ನಾವೇ ಮದ್ರಸದಲ್ಲಿ ಕಲಿಸುತ್ತೇವೆ. ಆದರೆ ಅದೇ ಪಾಠದಲ್ಲಿ ಇನ್ನೊಂದು ವಿಷಯವೂ ಉಂಟು. ಹಸಿವು ಇದ್ದು, ಊಟ ಮುಂದೆ ಬಂದು, ನಮಾಝಿನ ಸಮಯವೂ ಧಾರಾಳ ಇದ್ದರೆ ಮೊದಲು ಉಂಡು ಆಮೇಲೆ ನಮಾಝಿಗೆ ನಿಲ್ಲಬೇಕು ಅನ್ನುವುದು ಶಾಫಿಈ ಫಿಕ್ಹ್‌ನ ಮಾತು. ಮನಸ್ಸು ತಾಟಿನ ಮೇಲೆ ಇಟ್ಟು ನಮಾಝ್ ಮಾಡುವುದು ಕರಾಹತ್. ದೊಡ್ಡವರ ಇಬಾದತ್ತಿಗೇ ಹಸಿವಿನ ವಿಷಯದಲ್ಲಿ ಇಷ್ಟು ರಿಯಾಯಿತಿ ಇರುವಾಗ, ನಮಾಝ್ ಇನ್ನೂ ಕಡ್ಡಾಯವಾಗದ ಮಗುವನ್ನು "ಎಲ್ಲರ ನಮಾಝ್ ಆಗಲಿ" ಅಂತ ಹಸಿದು ಕೂರಿಸುವುದು ಯಾವ ಲೆಕ್ಕ?

ಪ್ರಯಾಣದಲ್ಲಿ ಇನ್ನೂ ಸುಲಭ ಉಂಟು. ಮುಸಾಫಿರನಿಗೆ ಮಗ್ರಿಬ್ ಮತ್ತು ಇಶಾ ಜಂಅ್ ಮಾಡುವ ಅನುಮತಿ ಉಂಟು. ಎರಡನ್ನೂ ಮಗ್ರಿಬ್ ಹೊತ್ತಿಗೇ ಮಾಡಬಹುದು, ಅಥವಾ ಮಗ್ರಿಬ್ ಸಮಯ ಮುಗಿಯುವ ಮೊದಲೇ ನಿಯ್ಯತ್ ಮಾಡಿಕೊಂಡು ಇಶಾ ಹೊತ್ತಿಗೆ ಮುಂದೂಡಬಹುದು. ಮಗ್ರಿಬ್ ಮೂರು ರಕಅತ್ತೇ, ಇಶಾ ಎರಡು. ಅಂದರೆ ಸಂಜೆ ಗಾಡಿಯನ್ನು ಎರಡು ಸಲ ನಿಲ್ಲಿಸಬೇಕಾಗಿಲ್ಲ. ಒಂದೇ ನಿಲುಗಡೆಯಲ್ಲಿ ಮಕ್ಕಳ ಊಟ, ದೊಡ್ಡವರ ನಮಾಝ್ ಎರಡೂ ಮುಗಿಯುತ್ತದೆ. ಇದಕ್ಕೆ ದೂರದ ಮತ್ತು ಬೇರೆ ನಿಬಂಧನೆಗಳಿವೆ. ಹೊರಡುವ ಮೊದಲು ನಿಮ್ಮ ಮೊಹಲ್ಲಾದ ಉಸ್ತಾದರಲ್ಲಿ ಒಂದು ಸಲ ಕೇಳಿಕೊಳ್ಳಿ. ಕೊಟ್ಟ ರಿಯಾಯಿತಿಯನ್ನು ಬಳಸುವುದರಲ್ಲಿ ನಾಚಿಕೆ ಇಲ್ಲ.

ಗಡಿಯಾರ ಹಿಂದಿನಿಂದ ನೋಡಿ

ಮಕ್ಕಳ ರಾತ್ರಿ ಊಟದ ಹೊತ್ತನ್ನು ಹೋಟೆಲಿನ ಹೊತ್ತಿನಿಂದ ಲೆಕ್ಕ ಹಾಕಬಾರದು, ನಿದ್ದೆಯ ಹೊತ್ತಿನಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದ ಒಳಗಿನ ಮಕ್ಕಳಿಗಾಗಿ ಹೇಳಿದ ಪ್ರಕಾರ, ಒಂದರಿಂದ ಎರಡು ವರ್ಷದ ಮಕ್ಕಳಿಗೆ ದಿನಕ್ಕೆ 11ರಿಂದ 14 ಗಂಟೆ, ಮೂರು ನಾಲ್ಕು ವರ್ಷದವರಿಗೆ 10ರಿಂದ 13 ಗಂಟೆ ನಿದ್ದೆ ಬೇಕು. ಹಗಲಿನ ನಿದ್ದೆಯೂ ಇದರಲ್ಲೇ ಸೇರಿತು. ಬೆಳಿಗ್ಗೆ ಆರೂವರೆಗೆ ಏಳುವ ಮಗು ರಾತ್ರಿ ಎಂಟೂವರೆಗೆ ಮಲಗಲೇಬೇಕಾಗ್ತದೆ. ಮಲಗುವುದಕ್ಕೆ ಒಂದೂವರೆ ಎರಡು ಗಂಟೆ ಮೊದಲು ಊಟ ಅಂದರೆ ಆರೂವರೆ, ಏಳು. ಹಡಗಿನವರು ಮೊದಲ ಪಂಕ್ತಿಯನ್ನು ಆರು ಗಂಟೆಗೆ ಇಟ್ಟದ್ದು ಸುಮ್ಮನೆ ಅಲ್ಲ. ಮಕ್ಕಳಿರುವ ಕುಟುಂಬ, ವಯಸ್ಸಾದವರು ಅದನ್ನೇ ಆರಿಸುವುದು.

ನಮ್ಮ ಮಲೆನಾಡಿನಲ್ಲಿ ಡಿಸೆಂಬರಿನಲ್ಲಿ ಸೂರ್ಯ ಆರು ಗಂಟೆ ಕಳೆದ ಕೂಡಲೇ ಮುಳುಗುತ್ತಾನೆ, ಮೇ ಕೊನೆಗೆ ಏಳರ ಹತ್ತಿರ. ಹಾಗಾಗಿ ಒಂದು ಸುಲಭ ಸೂತ್ರ ನಾವು ಮನೆಯಲ್ಲಿ ಮಾಡಿಕೊಂಡಿದ್ದೇವೆ. ಚಳಿಗಾಲದಲ್ಲಿ ಸಣ್ಣ ಮಕ್ಕಳ ಊಟ ಮಗ್ರಿಬ್ ಆದ ಕೂಡಲೇ, ಬೇಸಿಗೆಯಲ್ಲಿ ಮಗ್ರಿಬ್‌ಗೆ ಮೊದಲು. ಐದು ವರ್ಷದ ಒಳಗಿನವರು ದೊಡ್ಡವರಿಗೆ ಕಾಯುವುದೇ ಇಲ್ಲ. ಆರರಿಂದ ಹತ್ತು ವರ್ಷದವರು ಏಳೂವರೆವರೆಗೆ ತಡೆಯುತ್ತಾರೆ, ಆದರೆ ಐದು ಗಂಟೆಗೆ ಏನಾದರೂ ಗಟ್ಟಿ ಹೊಟ್ಟೆಗೆ ಬಿದ್ದಿರಬೇಕು. ಸಣ್ಣ ಹೊಟ್ಟೆ ಬೇಗ ತುಂಬುತ್ತದೆ, ಬೇಗ ಖಾಲಿಯೂ ಆಗುತ್ತದೆ. ಮೂರು ನಾಲ್ಕು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಬೇಕು. ಚಿಪ್ಸ್ ಮತ್ತು ಬಣ್ಣದ ನೀರು ಹಸಿವನ್ನು ಮರೆಸುತ್ತದೆ, ತೀರಿಸುವುದಿಲ್ಲ.

ಏನು ಕೊಡುವುದು, ಎಲ್ಲಿ ಕೊಡುವುದು

ಟೂರಿನಲ್ಲಿ ಊಟ ತಡವಾಗುವುದಕ್ಕೆ ದೊಡ್ಡ ಕಾರಣ ನಮ್ಮಲ್ಲಿ ಬಿರಿಯಾನಿ. ಹಲಾಲ್ ಹೋಟೆಲ್ ಸಿಗುವವರೆಗೆ ಗಾಡಿ ನಿಲ್ಲುವುದಿಲ್ಲ. ದೊಡ್ಡವರು ಹುಡುಕಲಿ, ತೊಂದರೆ ಇಲ್ಲ. ಮಕ್ಕಳಿಗೆ ಬಿರಿಯಾನಿಯೇ ಆಗಬೇಕು ಅಂತ ಯಾರು ಹೇಳಿದ್ದು? ಸಾಗರ, ಹೊಸನಗರ, ತೀರ್ಥಹಳ್ಳಿ ಯಾವ ಪೇಟೆಯಲ್ಲೂ ಸಂಜೆ ಆರಕ್ಕೆ ಸಸ್ಯಾಹಾರಿ ಹೋಟೆಲಿನಲ್ಲಿ ಬಿಸಿ ಇಡ್ಲಿ, ದೋಸೆ ಸಿಗುತ್ತದೆ. ಒಂದು ಇಡ್ಲಿ, ಸ್ವಲ್ಪ ಸಾಂಬಾರು, ಒಂದು ಲೋಟ ಹಾಲು. ಮಗುವಿನ ರಾತ್ರಿ ಊಟ ಅಲ್ಲಿಗೆ ಮುಗಿಯಿತು. ಸಣ್ಣ ಪೇಟೆಗಳಲ್ಲಿ ಹೋಟೆಲ್ ಬೇಗ ಮುಚ್ಚುತ್ತವೆ ಅನ್ನುವುದನ್ನೂ ನೆನಪಿಡಿ. ನಗರ ದಾಟಿ ಹುಲಿಕಲ್ ಘಾಟಿ ಇಳಿಯುವವರಿಗೆ ಕತ್ತಲಾದ ಮೇಲೆ ದಾರಿಯಲ್ಲಿ ಸಿಗುವುದು ಕಾಡು ಮಾತ್ರ.

ಮನೆಯಿಂದ ಒಯ್ಯುವುದಾದರೆ ಪತ್ತಿರಿ, ಚಪಾತಿ, ಅವಲಕ್ಕಿ, ಬಾಳೆಹಣ್ಣು ಬೇಗ ಕೆಡುವುದಿಲ್ಲ. ಬೇಯಿಸಿದ ಅನ್ನ, ಕೋಳಿ ಸಾರು, ಹಾಲಿನ ಪದಾರ್ಥ ಬಿಸಿ ಗಾಡಿಯಲ್ಲಿ ಒಂದು ಗಂಟೆಗಿಂತ ಹೆಚ್ಚು ಇಟ್ಟು ಮಕ್ಕಳಿಗೆ ಕೊಡಬೇಡಿ. ನಿದ್ದೆಗಣ್ಣಿನ ಮಗುವಿಗೆ ಮುಳ್ಳಿನ ಮೀನು ಬೇಡವೇ ಬೇಡ. ಆರು ತಿಂಗಳು ಕಳೆದ ಶಿಶುವಿಗೆ ತಾಯಿಹಾಲಿನ ಜೊತೆ ರಾಗಿ ಮಣ್ಣಿ ಸಾಕು, ಫ್ಲಾಸ್ಕಿನಲ್ಲಿ ಬಿಸಿನೀರು ಇದ್ದರೆ ಎಲ್ಲಿ ಬೇಕಾದರೂ ಆಗ್ತದೆ. ಮಲೆನಾಡಿಗೆ ಬಂದವರು ಜೇನು ಕೊಳ್ಳದೆ ಹೋಗುವುದಿಲ್ಲ. ಒಳ್ಳೆಯದೇ, ಆದರೆ ಒಂದು ವರ್ಷ ತುಂಬದ ಮಗುವಿನ ನಾಲಿಗೆಗೆ ಅದನ್ನು ತಾಗಿಸಬೇಡಿ. ಜೇನಿನಲ್ಲಿ ಇರಬಹುದಾದ ಒಂದು ಬಗೆಯ ರೋಗಾಣು ಶಿಶುಗಳ ಕರುಳಿನಲ್ಲಿ ಬೆಳೆದು ವಿಷ ಮಾಡುತ್ತದೆ. ದೊಡ್ಡವರಿಗೆ ಅದರಿಂದ ಏನೂ ಆಗುವುದಿಲ್ಲ, ಹಾಗಾಗಿ ನಮಗೆ ಗೊತ್ತಾಗುವುದೂ ಇಲ್ಲ.

ಘಾಟಿಯ ಲೆಕ್ಕ ಬೇರೆ. ಆಗುಂಬೆಯಲ್ಲಿ ಹದಿನಾಲ್ಕು ತಿರುವು. ಹೊಟ್ಟೆ ಪೂರ್ತಿ ಖಾಲಿ ಇದ್ದರೂ ವಾಂತಿ, ಎಣ್ಣೆ ಮಸಾಲೆ ತುಂಬಿದ್ದರೂ ವಾಂತಿ. ಘಾಟಿಗೆ ಒಂದು ಗಂಟೆ ಮೊದಲು ಹಗುರ ಊಟ ಆಗಿರಲಿ. ಮೊಬೈಲ್ ಕೈಗೆ ಕೊಡಬೇಡಿ, ಕಿಟಕಿಯಾಚೆ ದೂರ ನೋಡಲಿ. ವಾಂತಿ ಆಯ್ತು ಅಂದರೆ ಕೂಡಲೇ ಅನ್ನ ತುರುಕಬೇಡಿ. ಓಆರ್‌ಎಸ್ ನೀರು ಚಮಚದಲ್ಲಿ ಸ್ವಲ್ಪ ಸ್ವಲ್ಪ ಕೊಡಿ. ಎರಡು ಪ್ಯಾಕೆಟ್ ಓಆರ್‌ಎಸ್ ಗಾಡಿಯಲ್ಲಿ ಇರಲೇಬೇಕು. ಮಗು ಮಂಕಾಗಿ ಮಲಗಿದರೆ, ಬಾಯಿ ಒಣಗಿದರೆ, ಕಣ್ಣೀರು ಬಾರದೆ ಅತ್ತರೆ, ಆರೇಳು ಗಂಟೆ ಮೂತ್ರ ಮಾಡದಿದ್ದರೆ ಮನೆ ಮುಟ್ಟುವವರೆಗೆ ಕಾಯಬೇಡಿ, ಹತ್ತಿರದ ಆಸ್ಪತ್ರೆಗೆ ಹೋಗಿ.

ಇನ್ನೊಂದು ಮಾತು, ಗಂಡಸರಿಗೆ. ಮಕ್ಕಳಿಗೆ ಉಣಿಸುವ ತಾಯಿ ಟೂರಿನಲ್ಲಿ ಯಾವಾಗ ಉಣ್ಣುತ್ತಾಳೆ ಅಂತ ಒಮ್ಮೆ ನೋಡಿ. ಎಲ್ಲರದ್ದು ಆದ ಮೇಲೆ, ಆರಿದ ಅನ್ನ, ಅದೂ ಒಂದು ಕೈಯಲ್ಲಿ ಮಗು ಹಿಡಿದು. ಎದೆಹಾಲು ಕೊಡುವವಳಾದರೆ ಅವಳ ಹಸಿವು ಮಗುವಿನ ಹಸಿವೇ. ಮಕ್ಕಳ ಊಟ ಬೇಗ ಮುಗಿದರೆ ಲಾಭ ಅವಳಿಗೂ ಉಂಟು. ಎಂಟೂವರೆಗೆ ಮಕ್ಕಳು ಮಲಗಿದ ಮೇಲೆ ಅವಳೂ ನಮ್ಮ ಪಂಕ್ತಿಯಲ್ಲಿ ಕೂತು ಬಿಸಿ ಅನ್ನ ಉಣ್ಣಬಹುದು. ಒಟ್ಟಿಗೆ ಉಣ್ಣುವ ಬರ್ಕತ್ ಹಾಗೆ ಬರುವುದು.

ಸೇತುವೆ ಉಳಿಸಿದ ಗಂಟೆ

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರು ತುಂಬಿದ ಮೇಲೆ ತುಮರಿ ಕಡೆಯ ಜನ ದಶಕಗಳ ಕಾಲ ಲಾಂಚಿನ ಹೊತ್ತಿಗೆ ತಮ್ಮ ಹೊತ್ತು ಹೊಂದಿಸಿಕೊಂಡು ಬದುಕಿದರು. ಕೊನೆಯ ಲಾಂಚ್ ತಪ್ಪಿದರೆ ರಾತ್ರಿ ಈಚೆ ದಡದಲ್ಲೇ. ಮಕ್ಕಳ ಊಟ, ಬಾಣಂತಿಯ ಆಸ್ಪತ್ರೆ, ಮದುವೆಯ ದಿಬ್ಬಣ ಎಲ್ಲವೂ ಅದರ ಲೆಕ್ಕದಲ್ಲೇ. ನಾವು ಟೂರಿಗೆ ಹೋದವರು ಒಂದು ಸಂಜೆ ಪಟ್ಟ ಕಷ್ಟ ಅವರ ದಿನನಿತ್ಯದ ಪಾಡಾಗಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆಯ್ತು. ಎರಡು ಕಿಲೋಮೀಟರಿಗೂ ಉದ್ದದ ಸೇತುವೆ. ಈಗ ಗಾಡಿ ನಿಲ್ಲಿಸದೆ ದಾಟಬಹುದು.

ಸೇತುವೆ ಆದ ಮೇಲೆ ಬಂದ ನೆಂಟರನ್ನು ನೋಡಿದೆವು. ಉಳಿದ ಒಂದೆರಡು ಗಂಟೆಯನ್ನು ಅವರು ಇನ್ನೊಂದು ಜಾಗ ನೋಡುವುದಕ್ಕೆ ಕೊಟ್ಟರು. ಮಕ್ಕಳ ಊಟ ಹಳೆಯ ಹೊತ್ತಿಗೇ ಉಳಿಯಿತು, ಒಂಬತ್ತೂವರೆಗೆ. ರಸ್ತೆ ಸರಿಯಾದರೆ ಸಾಲದು, ಪಟ್ಟಿಯೂ ಸರಿಯಾಗಬೇಕು.

ನಾವೀಗ ನೆಂಟರಿಗೆ ಹಾಕಿಕೊಡುವ ಪಟ್ಟಿ ಹೀಗೆ. ಬೆಳಿಗ್ಗೆ ಏಳಕ್ಕೆ ತೀರ್ಥಹಳ್ಳಿಯಿಂದ ಹೊರಟರೆ ಹೊಸನಗರದಲ್ಲಿ ತಿಂಡಿ ತಿಂದು ಹತ್ತೂವರೆ ಹೊತ್ತಿಗೆ ಜೋಗ. ಒಂದು ಗಂಟೆಗೆ ಸಾಗರದಲ್ಲಿ ಊಟ, ಅದು ದೊಡ್ಡ ಊಟ. ಬಿರಿಯಾನಿ ಬೇಕಾದವರು ಆಗಲೇ ತಿನ್ನಲಿ. ಆಮೇಲೆ ಹಿನ್ನೀರು, ಸೇತುವೆ. ಐದಕ್ಕೆ ವಾಪಸ್ ಸಾಗರ. ಆರರಿಂದ ಏಳರ ಒಳಗೆ ಒಂದೇ ನಿಲುಗಡೆ: ಮಕ್ಕಳಿಗೆ ಇಡ್ಲಿ, ದೊಡ್ಡವರಿಗೆ ಚಹಾ, ನಮಾಝ್. ಗಾಡಿ ಹೊರಟ ಮೇಲೆ ಮಕ್ಕಳು ಮಲಗಿದರೂ ಚಿಂತೆ ಇಲ್ಲ, ಎಬ್ಬಿಸುವ ಅಗತ್ಯವೂ ಇಲ್ಲ. ಒಂಬತ್ತಕ್ಕೆ ತೀರ್ಥಹಳ್ಳಿ ಮನೆಯಲ್ಲಿ ದೊಡ್ಡವರಿಗೆ ಗಂಜಿ, ಚಟ್ನಿ. ಒಂದು ಜಾಗ ಕಡಿಮೆ ನೋಡಿದ್ದಕ್ಕೆ ಇದುವರೆಗೆ ಯಾರೂ ಬೇಜಾರು ಮಾಡಿಕೊಂಡಿಲ್ಲ.

ಹಡಗಿನ ಉತ್ತರ

ಅಳಿಯನಿಗೆ ಮಾರನೆಯ ದಿನ ಫೋನ್ ಮಾಡಿ ಹೇಳಿದೆವು: "ಆರು ಗಂಟೆಯದ್ದೇ ತೆಗೋ." ದುಬೈಯಲ್ಲಿ ಡಿಸೆಂಬರಿನಲ್ಲಿ ಮಗ್ರಿಬ್ ಐದೂವರೆಯ ಸುಮಾರಿಗೆ ಆಗುತ್ತದೆ. ನಮಾಝ್ ಮುಗಿಸಿಯೇ ಊಟಕ್ಕೆ ಹೋಗಬಹುದು, ಊಟ ಮುಗಿಸಿ ಬರುವಾಗ ಇಶಾ ಹೊತ್ತು. ಹಡಗು ಬೇರೆ ಕಡೆ ಹೋದಂತೆ ಹೊತ್ತು ಸ್ವಲ್ಪ ಬದಲಾಗುತ್ತದೆ, ಅದನ್ನು ನೋಡಿಕೊಂಡರಾಯ್ತು. ಮೊದಲ ಪಂಕ್ತಿಯ ಜಾಗ ಬೇಗ ತುಂಬುತ್ತದೆ, ಹಾಗಾಗಿ ಬುಕ್ಕಿಂಗ್ ಮಾಡುವಾಗಲೇ ಹೇಳಬೇಕು. ಹಲಾಲ್ ಊಟ ಬೇಕೆಂಬುದನ್ನೂ ಆಗಲೇ ಬರೆಸಬೇಕು. ಗಂಡ ಹೆಂಡತಿಗೆ ಆರು ಗಂಟೆಗೆ ಹಸಿವಿಲ್ಲದಿದ್ದರೆ ಮಕ್ಕಳ ಜೊತೆ ಸ್ವಲ್ಪ ತಿಂದು, ಆಮೇಲೆ ಬಫೆಯಲ್ಲಿ ಬೇಕಾದ್ದು ತಿನ್ನಬಹುದು. ನಮ್ಮ ಹಿರಿಯರು 1995ರವರೆಗೆ ಮುಂಬೈಯಿಂದ ಜಿದ್ದಾಕ್ಕೆ ಹಜ್ಜಿಗೆ ಹಡಗಿನಲ್ಲಿ ಹೋಗುತ್ತಿದ್ದರು. ಈಗಿನವರು ಮಕ್ಕಳಿಗೆ ಸಮುದ್ರ ತೋರಿಸಲು ಹೋಗುತ್ತಾರೆ. ಹೋಗಲಿ. ಮಕ್ಕಳು ಹೊಟ್ಟೆ ತುಂಬಿಸಿಕೊಂಡು ನೋಡಲಿ.

ಅವನು ಕೇಳಿದ: "ಉಮ್ಮ ಸಹ ಅದನ್ನೇ ಹೇಳಿದ್ರು ಮಾಮ. ನಿಮ್ಮ ಹತ್ರ ಒಂದು ಸಲ ಕೇಳು ಅಂದ್ರು. ಯಾಕೆ?"

ಅವನ ಉಮ್ಮ ಅಂದರೆ ನಮ್ಮ ಅಕ್ಕ. ಆ ರಾತ್ರಿ ಟೆಂಪೋದಲ್ಲಿ ಅವಳೂ ಇದ್ದಳು. ಲಾಂಚ್ ಕಟ್ಟೆಯಲ್ಲಿ ತಂಗಿ ಡಬ್ಬ ಮುಚ್ಚಿದ್ದನ್ನು ನೋಡಿದವಳು.

ತಂಗಿಯ ಮಗ ಈಗ ಮದ್ರಸಕ್ಕೆ ಹೋಗುತ್ತಾನೆ. ಈ ಡಿಸೆಂಬರಿಗೂ ಎಲ್ಲರೂ ಬರುತ್ತಾರಂತೆ. ಡಬ್ಬ ತೆರೆಯುವ ಹೊತ್ತು ಯಾವುದು ಅಂತ ತೀರ್ಮಾನ ಮಾಡುವುದು ಇನ್ನು ಮುಂದೆ ನಾವಲ್ಲ, ತಾಯಂದಿರು.